ವೆನಿಸ್‌ನಲ್ಲಿ 3 ರಾತ್ರಿ, ಜೊತೆಗೆ ಮಂಡಿನೋವಿನ ಅಮ್ಮ: ರೂಮು ಎಲ್ಲಿ ಹಿಡಿಯೋದು?

ಹೇಮಾವತಿ_ದಂಡೆ (ಪ್ರಶ್ನೆ)

ನವೆಂಬರ್ 19ರಿಂದ 22ರವರೆಗೆ ವೆನಿಸ್. ನಾವಿಬ್ಬರು, ಅಪ್ಪ (72), ಅಮ್ಮ (68). ಅಮ್ಮನಿಗೆ ಮಂಡಿನೋವು, ಮಟ್ಟಸ ದಾರಿಯಲ್ಲಿ ಅರ್ಧ ಗಂಟೆ ನಡೀತಾರೆ, ಮೆಟ್ಟಿಲಂದ್ರೆ ಕಷ್ಟ. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಫ್ಲಾರೆನ್ಸ್‌ನಿಂದ ರೈಲಲ್ಲಿ ಬರ್ತೀವಿ. 22ರ ಬೆಳಗ್ಗೆ 6:45ಕ್ಕೆ ಮಾರ್ಕೊ ಪೋಲೊ ವಿಮಾನ ನಿಲ್ದಾಣದಿಂದ ಹೊರಡಬೇಕು. ದೊಡ್ಡ ಸೂಟ್‌ಕೇಸ್ 3, ಚಿಕ್ಕದು 2.

ಕೈಯಲ್ಲಿರುವ ಆಯ್ಕೆಗಳು:

ಅ) ಮೆಸ್ತ್ರೆ (ದ್ವೀಪದ ಆಚೆ, ನೆಲದ ಮೇಲಿನ ಊರು) ರೈಲು ನಿಲ್ದಾಣದ ಎದುರು ಹೋಟೆಲ್, 2 ರೂಮು, ರಾತ್ರಿಗೆ ಒಟ್ಟು 180 ಯೂರೊ.
ಆ) ದ್ವೀಪದ ಕನ್ನರೇಜೊ ಭಾಗದಲ್ಲಿ, ಫೊಂದಾಮೆಂತೆ ನೋವೆ ಹತ್ತಿರ ಅಪಾರ್ಟ್‌ಮೆಂಟ್. 3ನೇ ಮಹಡಿ, ಅಡುಗೆಮನೆ, ವಾಷಿಂಗ್ ಮೆಷಿನ್. 210 ಯೂರೊ. "ನಿಲ್ದಾಣದಿಂದ 20 ನಿಮಿಷ" ಅಂತ ಬರೆದಿದ್ದಾರೆ.
ಇ) ಸಾನ್ ಮಾರ್ಕೊ ಚೌಕದ ಹಿಂದೆ, ನೆಲಮಹಡಿ, ಕಾಲುವೆಗೆ ತೆರೆಯುವ ಕಿಟಕಿ, ಪುಟ್ಟ ಅಡುಗೆಮನೆ. 240 ಯೂರೊ. ಮೆಟ್ಟಿಲಿಲ್ಲ ಅನ್ನೋ ಕಾರಣಕ್ಕೆ ಮನಸ್ಸು ಇದರ ಕಡೆಗೇ ಇದೆ.

ಮೂರರಲ್ಲೂ ವಾಪಸಾತಿ ಇರುವ ಬುಕಿಂಗ್ ಸಿಗುತ್ತೆ. ಯಾವುದು ಸರಿ?

---

ಸೇತುವೆ_ಲೆಕ್ಕ

ವೆನಿಸ್‌ನಲ್ಲಿ ದೂರವನ್ನು ಮೀಟರಲ್ಲಿ ಅಳೆಯಬೇಡಿ, ನಿಮಿಷದಲ್ಲೂ ಬೇಡ. ದೋಣಿ ಅಥವಾ ರೈಲು ಇಳಿದ ಜಾಗದಿಂದ ಬಾಗಿಲವರೆಗೆ ಎಷ್ಟು ಸೇತುವೆ, ಬಾಗಿಲಿಂದ ಮಂಚದವರೆಗೆ ಎಷ್ಟು ಮೆಟ್ಟಿಲು, ಇವೆರಡೇ ಲೆಕ್ಕ. ನಗರದಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚುಕಮ್ಮಿ ಎಲ್ಲದಕ್ಕೂ ಎರಡೂ ಕಡೆ ಮೆಟ್ಟಿಲು. ಒಂದು ಸೇತುವೆ ದಾಟೋದು ಅಂದ್ರೆ ಹತ್ತು ಹದಿನೈದು ಮೆಟ್ಟಿಲು ಹತ್ತಿ ಅಷ್ಟೇ ಇಳಿಯೋದು. ಕೈಬೀಸಿ ನಡೆಯುವವರಿಗೆ ಇದು ಏನೂ ಅಲ್ಲ. ಐದು ಪೆಟ್ಟಿಗೆ ಇರುವವರಿಗೆ ಪ್ರತಿ ಸೇತುವೆಯಲ್ಲೂ ಎರಡು ಸಲ ಓಡಾಟ. ನಕ್ಷೆ ತೋರಿಸುವ 20 ನಿಮಿಷ 45 ಆಗೋದು ಇಲ್ಲೇ.

ಹಾಗೆ ನೋಡಿದರೆ (ಆ) ಮೊದಲು ಬಿದ್ದುಹೋಗುತ್ತೆ. ನಿಲ್ದಾಣದಿಂದ ನಡೆದು ಹೋದರೆ ಸಾಲಾಗಿ ಸೇತುವೆಗಳು. ದೋಣಿಯಲ್ಲಿ ಹೋದರೆ ದಾರಿ ಸುಲಭ, ಆದರೆ ಕೊನೆಯಲ್ಲಿ ಲಿಫ್ಟ್ ಇಲ್ಲದ ಮೂರು ಮಹಡಿ. ಲಿಫ್ಟ್ ಇದೆ ಅಂತ ಬರೆದಿಲ್ಲ ಅಂದ್ರೆ ಇಲ್ಲ ಅಂತಲೇ ಅರ್ಥ. ಹಳೇ ಕಟ್ಟಡಗಳಲ್ಲಿ ನೆಲಮಹಡಿಗೂ ಮೊದಲ ಮಹಡಿಗೂ ನಡುವೆ ಒಂದು ತಗ್ಗು ಅರೆಮಹಡಿ ಇರುತ್ತೆ. ಅದನ್ನು ಎಣಿಸೋದೇ ಇಲ್ಲ. ಅವರ "3ನೇ ಮಹಡಿ" ಕಾಲಿಗೆ ನಾಲ್ಕು ಆಗಬಹುದು. ಬೆಳಗ್ಗೆ ಒಂದು, ಊಟಕ್ಕೆ ಬಂದು ಹೋದರೆ ಇನ್ನೊಂದು, ದಿನಕ್ಕೆ ಎರಡು ಸಲ ಅಮ್ಮನಿಗೆ ಇದು ಬೇಡ.

ನೀವು ಪಟ್ಟಿಯಲ್ಲೇ ಹಾಕದ ಜಾಗವೊಂದಿದೆ: ಲಿಸ್ತಾ ದಿ ಸ್ಪಾನ್ಯ. ಸಾಂತ ಲೂಚಿಯ (ದ್ವೀಪದ ರೈಲು ನಿಲ್ದಾಣ) ನಿಲ್ದಾಣದಿಂದ ಹೊರಬಂದು ಎಡಕ್ಕೆ ತಿರುಗಿದರೆ ಅದೇ ರಸ್ತೆ. ಸಾನ್ ಜೆರೆಮೀಯ ಚೌಕದವರೆಗೆ ಒಂದೇ ಒಂದು ಸೇತುವೆ ಇಲ್ಲ, ಅಗಲವಾದ ಕಲ್ಲುಹಾಸು, ಐದಾರು ನಿಮಿಷದ ನಡಿಗೆ. ನಿಲ್ದಾಣದ ಎದುರಿನ ದೊಡ್ಡ ಮೆಟ್ಟಿಲ ಸಾಲಿಗೂ ಪಕ್ಕದಲ್ಲಿ ಇಳಿಜಾರಿದೆ. ಚೌಕ ದಾಟಿದ ಮೇಲೆ ಗುಲಿಯೆ ಸೇತುವೆ. ಅದರ ಆಚೆ ಸಾನ್ ಲಿಯೊನಾರ್ದೊ ರಸ್ತೆಯ ಅಕ್ಕಪಕ್ಕ ಮತ್ತೆ ಮಟ್ಟಸ, ಒಂದು ಸೇತುವೆಯ ಖರ್ಚಲ್ಲಿ ಹೆಚ್ಚು ನೆಮ್ಮದಿಯ ಮನೆಗಳು ಸಿಗುತ್ತವೆ. 1516ರಲ್ಲಿ ಶುರುವಾದ ಯಹೂದಿ ಘೆಟ್ಟೊ ಕೂಡ ಅಲ್ಲೇ ಪಕ್ಕ. ಲಿಸ್ತಾ ರಸ್ತೆಯನ್ನು ಪ್ರವಾಸಿಗರ ಗದ್ದಲ ಅಂತ ಬಯ್ಯುವವರು ಬಹಳ. ಬೈಗುಳ ಸರಿಯೇ, ಮುಖವಾಡದ ಅಂಗಡಿ, ದುಬಾರಿ ಪಿಜ್ಜಾ ಎಲ್ಲ ಇದೆ. ಆದರೆ ಆ ಬಯ್ಯುವವರ ಬೆನ್ನಮೇಲೆ ಒಂದೇ ಚೀಲ ಇರುತ್ತೆ.

ಲಿಫ್ಟ್ ಇರುವ ಸಣ್ಣ ಹೋಟೆಲ್, ಗುಲಿಯೆಯ ಈಚೆ. ಅದನ್ನು ಹುಡುಕಿ.

---

ಉಬ್ಬರವಿಳಿತ

(ಇ) ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಮೂರರಲ್ಲಿ ಅದೇ ಹೆಚ್ಚು ಮೋಸ ಮಾಡುವ ಆಯ್ಕೆ.

ಸಾನ್ ಮಾರ್ಕೊ ಚೌಕ ನಗರದ ಅತಿ ತಗ್ಗಿನ ಜಾಗಗಳಲ್ಲಿ ಒಂದು. ಸಮುದ್ರ 80-85 ಸೆಂಟಿಮೀಟರ್‌ಗೆ ಏರಿದರೆ ಸಾಕು, ಚೌಕದಲ್ಲಿ ನೀರು ಕಾಣಿಸುತ್ತೆ. ನವೆಂಬರ್ ಆಕ್ವ ಆಲ್ತದ (ಊರೊಳಗೆ ನೀರು ನುಗ್ಗಿಸುವ ದೊಡ್ಡ ಉಬ್ಬರ) ನಡುಗಾಲ. 1966ರ 194 ಸೆಂಟಿಮೀಟರ್, 2019ರ 187 ಸೆಂಟಿಮೀಟರ್, ಎರಡೂ ನವೆಂಬರ್‌ನವೇ. "ಈಗ ಮೋಸೆ ತಡೆಗೋಡೆ ಇದೆಯಲ್ಲ" ಅನ್ನುವವರಿದ್ದಾರೆ. ಇದೆ, 2020ರ ಅಕ್ಟೋಬರ್‌ನಿಂದ ಕೆಲಸ ಮಾಡ್ತಿದೆ, ಚೆನ್ನಾಗಿಯೇ ಮಾಡ್ತಿದೆ. ಆದರೆ ಅದನ್ನು ಎತ್ತೋದು ಸುಮಾರು 110 ಸೆಂಟಿಮೀಟರ್ ಮುನ್ಸೂಚನೆ ಇದ್ದಾಗ. ಅಂದ್ರೆ 85ರಿಂದ 105ರ ನಡುವಿನ ಸಾಮಾನ್ಯ ಉಬ್ಬರಕ್ಕೆ ಗೋಡೆ ಏಳೋದಿಲ್ಲ, ನಗರದ ಬಹುಭಾಗ ಒಣಗಿರುತ್ತೆ, ಸಾನ್ ಮಾರ್ಕೊ ಸುತ್ತ ಮಾತ್ರ ಒದ್ದೆ. ಚೌಕದ ಬಸಿಲಿಕಾಕ್ಕೆ (ದೊಡ್ಡ ಚರ್ಚಿಗೆ) 2022ರಲ್ಲಿ ಗಾಜಿನ ತಡೆ ಹಾಕಿ ಅದನ್ನು ಉಳಿಸಿಕೊಂಡಿದ್ದಾರೆ; ನಿಮ್ಮ ನೆಲಮಹಡಿ ಮನೆಗೆ ಯಾರೂ ಹಾಕಿಲ್ಲ.

ನೀರು ಒಳಗೇ ಬರುತ್ತೆ ಅಂತಲ್ಲ. ಬಾಗಿಲಿಗೆ ಲೋಹದ ಹಲಗೆ ಸಿಕ್ಕಿಸ್ತಾರೆ, ಉಬ್ಬರ ಮೂರು ನಾಲ್ಕು ಗಂಟೆಯಲ್ಲಿ ಇಳಿಯುತ್ತೆ. ಆದರೆ ಆ ಹೊತ್ತಲ್ಲಿ ನೀವು ಒಳಗೆ ಬಂಧಿ, ಅಥವಾ ಮೊಣಕಾಲುದ್ದದ ಬೂಟು ಹಾಕಿ ಹಲಗೆ ಕಾಲುದಾರಿಯಲ್ಲಿ ಸಾಲು. ವಯಸ್ಸಾದವರು ಹಲಗೆಯ ಮೇಲೆ ಎದುರು ಬರುವವರಿಗೆ ಜಾಗ ಬಿಡೋದು ಕಷ್ಟ. ಇದರ ಜೊತೆ ಕಾಲುವೆ ಮಟ್ಟದ ಗೋಡೆಗಳಿಗೆ ಉಪ್ಪುನೀರು ಹೀರಿಕೊಂಡ ತೇವ ವರ್ಷವಿಡೀ ಇರುತ್ತೆ. ಗ್ರಾಹಕರ ಅನಿಸಿಕೆಗಳಲ್ಲಿ "ಉಮಿದಿತಾ" ಅಥವಾ "ಮುಫ್ಫ" ಪದ ಹುಡುಕಿ ನೋಡಿ: ತೇವ, ಬೂಷ್ಟು.

ಇನ್ನೊಂದು: ನವೆಂಬರ್ 21 ಮಡೋನ್ನ ದೆಲ್ಲ ಸಲೂತೆ ಹಬ್ಬ. 1630-31ರ ಪ್ಲೇಗ್ ನಿಂತಿದ್ದಕ್ಕೆ ಹೊತ್ತ ಹರಕೆ, ಇಂದಿಗೂ ಊರಿಗೆ ಊರೇ ಸಲೂತೆ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚುತ್ತೆ. ಗ್ರ್ಯಾಂಡ್ ಕೆನಾಲ್‌ಗೆ ಅಡ್ಡಲಾಗಿ ಸಾಂತ ಮರೀಯ ದೆಲ್ ಜೀಲ್ಯೊ ಕಡೆಯಿಂದ ತಾತ್ಕಾಲಿಕ ಸೇತುವೆ ಹಾಕ್ತಾರೆ. ಪ್ರವಾಸಿಗರಿಗಾಗಿ ಮಾಡುವ ಹಬ್ಬ ಅಲ್ಲ, ನೋಡಲೇಬೇಕು. ಅಲ್ಲಿನ ಹಬ್ಬದೂಟ ಕಸ್ತ್ರದೀನ ಮಾತ್ರ ಕುರಿಮಾಂಸದ ಸಾರು, ಎಲೆಕೋಸು ಕಂಡು ಮೋಸಹೋಗಬೇಡಿ. ಆ ದಿನ ಸಾನ್ ಮಾರ್ಕೊ, ಸಲೂತೆ ನಡುವಿನ ಗಲ್ಲಿಗಳು ತುಂಬಿರುತ್ತವೆ. ಮರುದಿನ ನಸುಕಿಗೆ ಹೊರಡುವವರು ಸಂಜೆ ಆ ಭಾಗದಲ್ಲಿ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ.

---

ಪ್ಲಾಟ್‌ಫಾರ್ಮ್_ನಾಲ್ಕು

ಮೆಸ್ತ್ರೆಯನ್ನು ಯಾರೂ ಮುಟ್ಟದೆ ಬಿಟ್ಟಿದ್ದೀರಲ್ಲ. ಅದಕ್ಕೂ ಒಂದು ಮಾತು ಸಲ್ಲಬೇಕು.

ಮೆಸ್ತ್ರೆಯಿಂದ ಸಾಂತ ಲೂಚಿಯಕ್ಕೆ ರೈಲಲ್ಲಿ 10-12 ನಿಮಿಷ. ಟಿಕೆಟ್ 2 ಯೂರೊಗೂ ಕಡಿಮೆ, ಹಗಲಲ್ಲಿ ಕಾಯುವ ಮಾತೇ ಇಲ್ಲ. ನಾಲ್ವರು ದಿನಕ್ಕೊಮ್ಮೆ ಹೋಗಿ ಬಂದರೆ ಸುಮಾರು 12-13 ಯೂರೊ. ದ್ವೀಪದಲ್ಲಿ ಇದೇ ಮಟ್ಟದ ಎರಡು ರೂಮಿಗೆ 250 ಕೊಡುವವರು, ಮೆಸ್ತ್ರೆಯ 180ಕ್ಕೆ ಈ ರೈಲುಖರ್ಚು ಸೇರಿಸಿದರೂ ರಾತ್ರಿಗೆ 55ರಷ್ಟು ಉಳಿಸ್ತಾರೆ. ಲಿಫ್ಟ್ ಖಚಿತ, ರೂಮು ದೊಡ್ಡದು, ಸೇತುವೆ ಸೊನ್ನೆ. ನಿಲ್ದಾಣದ ಎದುರಿನ ವಿಯಾ ಪಿಯಾವೆ ಸುತ್ತ ಬಾಂಗ್ಲಾದೇಶದವರು ತುಂಬಾ ಇದ್ದಾರೆ (ಮಾರ್ಗೇರದ ಹಡಗುಕಟ್ಟೆಯ ಕೆಲಸಕ್ಕೆ ಬಂದು ನೆಲೆಸಿದವರು), ಹಾಗಾಗಿ ಅಕ್ಕಿ, ಬೇಳೆ, ಹಸಿಮೆಣಸು, ಕೊತ್ತಂಬರಿ ಕೈಗೆಟುಕುವ ದೂರದಲ್ಲಿ.

ತಪ್ಪಾಗುವ ಜಾಗಗಳು: ಮೆಸ್ತ್ರೆ ನಿಲ್ದಾಣಕ್ಕೆ ಎರಡು ಮುಖ. ಒಂದು ಪಿಯಾವೆ ಕಡೆ, ಇನ್ನೊಂದು ಮಾರ್ಗೇರ ಕಡೆ, ನಡುವೆ ಸುರಂಗದಾರಿ. ಹೋಟೆಲ್ ಯಾವ ಕಡೆ ಅಂತ ಮೊದಲೇ ನೋಡದಿದ್ದರೆ ಪೆಟ್ಟಿಗೆ ಎಳೆದು ಸುತ್ತಬೇಕು. ಯಂತ್ರದಲ್ಲಿ ತಗೊಂಡ ಕಾಗದದ ಪ್ರಾದೇಶಿಕ ಟಿಕೆಟ್ಟಿಗೆ ಹತ್ತುವ ಮುನ್ನ ಮುದ್ರೆ ಹೊಡೆಸದಿದ್ದರೆ ದಂಡ. ಫ್ಲಾರೆನ್ಸ್ ರೈಲು ಟಿಕೆಟ್ ತೆಗೆಯುವಾಗ ವೆನೇತ್ಸಿಯ ಮೆಸ್ತ್ರೆ, ವೆನೇತ್ಸಿಯ ಸಾಂತ ಲೂಚಿಯ ಎರಡೂ ಹೆಸರು ಬರುತ್ತವೆ. ಉಳಿಯುವ ಊರಿಗೆ ಹೊಂದೋದನ್ನೇ ಒತ್ತಿ.

ಆದರೂ ಇವರಿಗೆ ಮೆಸ್ತ್ರೆ ಹೇಳಲಾರೆ. ಹಣದಿಂದಲ್ಲ, ಮಧ್ಯಾಹ್ನದಿಂದ. ಮಂಡಿನೋವಿನವರಿಗೆ ಮಧ್ಯಾಹ್ನ 2ರಿಂದ 4 ಕಾಲು ಚಾಚಲು ಒಂದು ಹಾಸಿಗೆ ಬೇಕು. ಮೆಸ್ತ್ರೆಗೆ ಬಂದು ಹೋಗೋದು ಬಾಗಿಲಿಂದ ಬಾಗಿಲಿಗೆ ಒಂದು ಬದಿಗೆ 35-40 ನಿಮಿಷ, ಯಾರೂ ಬರೋದಿಲ್ಲ. ಕೊನೆಗೆ ಅಮ್ಮ ಇಡೀ ದಿನ ಚರ್ಚಿನ ಬೆಂಚಿನ ಮೇಲೆ ಕೂರ್ತಾರೆ. ಇನ್ನು ವೆನಿಸ್‌ನ ಒಳ್ಳೆಯ ಹೊತ್ತು ಬೆಳಗ್ಗೆ 8ರೊಳಗೆ, ಸಂಜೆ 7ರ ಮೇಲೆ. ಆಗ ದಿನದ ಪ್ರವಾಸಿಗರು ಇರೋದಿಲ್ಲ. ಅದಕ್ಕೇ ದ್ವೀಪದಲ್ಲಿ ಉಳಿಯೋದು. ಗಟ್ಟಿ ಕಾಲಿನ ಹುಡುಗರು ಕೇಳಿದ್ದರೆ ನನ್ನ ಉತ್ತರ ಬೇರೆ.

---

ಹೇಮಾವತಿ_ದಂಡೆ

ಎಲ್ಲರಿಗೂ ಥ್ಯಾಂಕ್ಸ್. (ಇ) ಕೈಬಿಟ್ಟೆ. ಲಿಸ್ತಾ / ಗುಲಿಯೆ ಹುಡುಕ್ತಿದ್ದೀನಿ. ಮೂರು ಸಂದೇಹ: ಜುದೆಕ್ಕ, ಲೀದೊ ದ್ವೀಪಗಳು ಅಗ್ಗ ಕಾಣ್ತಿವೆ, ನೋಡಬಹುದಾ? 6:45ರ ವಿಮಾನಕ್ಕೆ ಹೇಗೆ ಹೋಗೋದು? ದಿನದ ಪ್ರವೇಶ ಶುಲ್ಕ ನಮಗೂ ಇದೆಯಾ?

---

ಸೇತುವೆ_ಲೆಕ್ಕ

ಶುಲ್ಕ ಇಲ್ಲ. ಅದು 2024ರ ಏಪ್ರಿಲ್ 25ರಂದು ಶುರುವಾದದ್ದು, ಗೊತ್ತುಪಡಿಸಿದ ವಸಂತ-ಬೇಸಿಗೆ ದಿನಗಳಿಗೆ ಮಾತ್ರ, ಹಗಲು ಬಂದು ಹೋಗುವವರಿಗೆ. ನಗರದಲ್ಲಿ ರಾತ್ರಿ ತಂಗುವವರಿಗೆ ಆ ದಿನಗಳಲ್ಲೂ ವಿನಾಯಿತಿ. ನೀವು ಕಟ್ಟೋದು ತಂಗುವ ತೆರಿಗೆ: ತಲೆಗೆ, ರಾತ್ರಿಗೆ, ಹೋಟೆಲ್‌ನ ದರ್ಜೆ ನೋಡಿ ಕೆಲವು ಯೂರೊ. ಬುಕಿಂಗ್ ಮೊತ್ತದಲ್ಲಿ ಸೇರಿಲ್ಲದಿದ್ದರೆ ಅಲ್ಲೇ ಕೇಳ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ.

ಜುದೆಕ್ಕ ಕೆಟ್ಟ ಆಯ್ಕೆ ಅಲ್ಲ. ಕಾಲುವೆ ದಂಡೆ ಉದ್ದಕ್ಕೂ ನಡಿಗೆ ಸುಲಭ, ಎದುರಿಗೆ ಇಡೀ ವೆನಿಸ್. ಆದರೆ ಯಾವ ಕೆಲಸಕ್ಕೂ ದೋಣಿ ಹತ್ತಲೇಬೇಕು. ವಪೊರೆತ್ತೊ (ಬಸ್ಸಿನ ಹಾಗೆ ಓಡುವ ಸಾರ್ವಜನಿಕ ದೋಣಿ) ಒಂಟಿ ಟಿಕೆಟ್ 75 ನಿಮಿಷಕ್ಕೆ 9.50 ಯೂರೊ, 3 ದಿನದ ಪಾಸ್ 45. ನಾಲ್ವರಿಗೆ 180 ಯೂರೊ ಪಾಸಿಗೇ ಹೋಯ್ತು, ಅಗ್ಗ ಎಲ್ಲಿ ಉಳೀತು? ಲೀದೊದಲ್ಲಿ ಬಸ್ಸು, ಕಾರು ಎಲ್ಲ ಓಡುತ್ತೆ, ಪೂರ್ತಿ ಮಟ್ಟಸ. ನವೆಂಬರ್‌ನಲ್ಲಿ ಮಾತ್ರ ಸಮುದ್ರತೀರದ ಊರು ಅರ್ಧ ಮುಚ್ಚಿರುತ್ತೆ. ಯಾರಾದರೂ ಕಿಯೋಜ್ಜ ಹೇಳಿದರೆ ಅದೂ ಬೇಡ: ವಿಜಯನಗರ ನೋಡಿಹೋದ ನಿಕೊಲೊ ಕೊಂಟಿಯ ಊರು, ಚಂದದ ಮೀನುಗಾರರ ಪಟ್ಟಣ, ಆದರೆ ವೆನಿಸ್‌ಗೆ ಒಂದು ಗಂಟೆಯ ಹಾದಿ.

ಅಂದಹಾಗೆ, ಪಾಸ್ ತಗೊಳ್ಳಿ, ಗುಲಿಯೆ ಹತ್ತಿರ ಉಳಿದರೂ ಅಮ್ಮನಿಗೋಸ್ಕರ ಬೇಕು. 1ನೇ ಸಂಖ್ಯೆಯ ದೋಣಿ ಗ್ರ್ಯಾಂಡ್ ಕೆನಾಲ್‌ನ ಎಲ್ಲ ನಿಲುಗಡೆಗೂ ನಿಲ್ಲುತ್ತೆ. ನಿಧಾನ, ಆದರೆ ಹತ್ತೋದು ಮಟ್ಟಸ, ಒಳಗೆ ಸೀಟು. ಸೇತುವೆ ಏರೋ ಬದಲು ಒಂದು ನಿಲುಗಡೆ ದೋಣಿಯಲ್ಲಿ ಹೋಗುವ ಅಭ್ಯಾಸ ಮಾಡಿಕೊಳ್ಳಿ. 4.1 / 4.2, 5.1 / 5.2 ನಗರದ ಸುತ್ತ ವಿರುದ್ಧ ದಿಕ್ಕಲ್ಲಿ ತಿರುಗುತ್ತವೆ. ಚುಕ್ಕಿಯ ನಂತರದ ಅಂಕೆ ತಪ್ಪಿದರೆ 10 ನಿಮಿಷದ ದಾರಿಗೆ ಒಂದು ಗಂಟೆ. ರೈಲು ನಿಲ್ದಾಣದ ಎದುರು ಹಲವು ತೇಲುಕಟ್ಟೆಗಳಿವೆ, ಅಕ್ಷರದ ಫಲಕ ನೋಡಿ ನಿಲ್ಲಿ. ಸಾಮಾನು: ಉದ್ದ, ಅಗಲ, ಎತ್ತರ ಕೂಡಿ 150 ಸೆಂಟಿಮೀಟರ್ ಒಳಗಿನ ಒಂದು ಪೆಟ್ಟಿಗೆ ಉಚಿತ. ದೊಡ್ಡ ಸೂಟ್‌ಕೇಸ್ ಅದನ್ನು ಮೀರೋದುಂಟು, ಮನೆಯಲ್ಲೇ ಟೇಪ್ ಹಿಡಿದು ನೋಡಿ.

---

ಪ್ಲಾಟ್‌ಫಾರ್ಮ್_ನಾಲ್ಕು

6:45ರ ವಿಮಾನ ಅಂದ್ರೆ 4:45ಕ್ಕೆ ವಿಮಾನ ನಿಲ್ದಾಣದಲ್ಲಿರಬೇಕು. ನೀರಿನ ದಾರಿ ಬೇಡ. ಅಲಿಲಗೂನ ದೋಣಿಗಳು ವಿಮಾನ ನಿಲ್ದಾಣಕ್ಕೆ ಹೋಗುತ್ತವೆ, ಕಿತ್ತಳೆ ಮಾರ್ಗ ಗುಲಿಯೆಯಲ್ಲೇ ನಿಲ್ಲುತ್ತೆ. ಬರುವಾಗ ಚೆಂದ, ಆದರೆ ನವೆಂಬರ್ ನಸುಕಿನ ಮಂಜಿಗೆ ದೋಣಿ ತಡವಾದರೆ ವಿಮಾನ ಕಾಯೋದಿಲ್ಲ. ನೀರಿನ ಟ್ಯಾಕ್ಸಿ 120 ಯೂರೊ ಮೇಲೆ.

ನೆಲದ ದಾರಿ ಪಿಯಾತ್ಸಾಲೆ ರೋಮದಿಂದ (ದ್ವೀಪದೊಳಗೆ ಬಸ್ಸು, ಕಾರು ಬಂದು ನಿಲ್ಲುವ ಚೌಕ), ಸುಮಾರು 20-25 ನಿಮಿಷ. 5ನೇ ಸಂಖ್ಯೆಯ ಬಸ್ಸಿಗೆ ತಲೆಗೆ ಸುಮಾರು 10 ಯೂರೊ. ನಾಲ್ವರಿಗೆ 40 ಆಯ್ತಲ್ಲ? ಟ್ಯಾಕ್ಸಿಯೂ ಹೆಚ್ಚುಕಮ್ಮಿ ಅಷ್ಟೇ, 40-50. ಹಾಗಾಗಿ ಹಿಂದಿನ ದಿನವೇ ಹೋಟೆಲ್‌ನವರಿಂದ ಟ್ಯಾಕ್ಸಿ ಹೇಳಿಸಿ, "ನಾಲ್ಕು ಜನ, ಐದು ಪೆಟ್ಟಿಗೆ" ಅಂತ ಬಿಡಿಸಿ ಹೇಳಿ. ಸಾಮಾನ್ಯ ಕಾರಲ್ಲಿ ಇಷ್ಟು ಹಿಡಿಯೋದಿಲ್ಲ, ವ್ಯಾನ್ ಬೇಕು.

ಸಿಕ್ಕು ಇರೋದು ಲಿಸ್ತಾದಿಂದ ಪಿಯಾತ್ಸಾಲೆ ರೋಮಕ್ಕೆ. ನಡುವೆ ಗ್ರ್ಯಾಂಡ್ ಕೆನಾಲ್. 2008ರ ಕೋಸ್ತಿತುತ್ಸಿಯೋನೆ ಸೇತುವೆ ದಾಟಬೇಕು: ಅಗಲ, ಆದರೆ ಉದ್ದ, ಮೆಟ್ಟಿಲುಗಳು ಒಂದೇ ಸಮನಿಲ್ಲ, ಗಾಜಿನ ಪಟ್ಟಿಗಳು ಒದ್ದೆಯಾದರೆ ಜಾರುತ್ತವೆ ಅಂತ ದೂರು ಬಂದು ಅಲ್ಲಿ ಕಲ್ಲು ಹಾಕಿಸಿದ್ದಾರೆ. ಇನ್ನೊಂದು ದಾರಿ ಅಂದ್ರೆ ಫೆರೊವೀಯದಿಂದ (ರೈಲು ನಿಲ್ದಾಣದ ಎದುರಿನ ದೋಣಿ ನಿಲುಗಡೆ) ಒಂದು ನಿಲುಗಡೆ ದೋಣಿ. ಆ ಹೊತ್ತಿಗೆ ಓಡೋದು ರಾತ್ರಿ ಮಾರ್ಗ, ಅದರ ವೇಳೆ ನೋಡಿಟ್ಟುಕೊಳ್ಳಿ. 72 ಗಂಟೆಯ ಪಾಸ್ ಮೊದಲ ಸಲ ಯಂತ್ರಕ್ಕೆ ತೋರಿಸಿದಾಗಿನಿಂದ ಎಣಿಕೆ, 19ರ ಮಧ್ಯಾಹ್ನ ಶುರು ಮಾಡಿದರೆ 22ರ ನಸುಕಿಗೂ ನಡೆಯುತ್ತೆ.

ಬೆಳಗಿನ ಈ ದಾಟುವಿಕೆ ದೊಡ್ಡ ತಲೆನೋವು ಅನ್ನಿಸಿದರೆ ಪಿಯಾತ್ಸಾಲೆ ರೋಮದ ಅಂಚಲ್ಲೇ, ಸಾಂತ ಕ್ರೋಚೆ ಭಾಗದಲ್ಲಿ, ಲಿಫ್ಟ್ ಇರುವ ಹೋಟೆಲ್ ನೋಡಿ. ಆಗ ಆ ಒಂದು ದಾಟುವಿಕೆ ಬರುವ ದಿನ ಹಗಲಿಗೆ ಬೀಳುತ್ತೆ. ನಿಮ್ಮ ವೇಳಾಪಟ್ಟಿಗೆ ಲಿಸ್ತಾಕ್ಕಿಂತ ಇದೇ ಮೇಲು ಅಂತ ನನ್ನ ಅಭಿಪ್ರಾಯ, ಸೇತುವೆ_ಲೆಕ್ಕ ಒಪ್ಪದಿರಬಹುದು.

---

ಸೇತುವೆ_ಲೆಕ್ಕ

ಸಂಜೆಯ ಹೊತ್ತು ಪಿಯಾತ್ಸಾಲೆ ರೋಮ ಬಸ್ ಸ್ಟ್ಯಾಂಡೇ. ಆದರೆ ಆ ವಿಮಾನದ ವೇಳೆಗೆ ಒಪ್ಪಿದೆ.

---

ಗಿರಣಿಚಾಳ

ಹಣ ಕಟ್ಟುವ ಮುನ್ನ ಜಾಹೀರಾತು ಓದುವ ಕ್ರಮ ಹೇಳ್ತೀನಿ.

ಪಿನ್‌ಕೋಡ್ ಮೊದಲು. 30121 ಕನ್ನರೇಜೊ, 30122 ಕಸ್ತೆಲ್ಲೊ, 30123 ದೊರ್ಸೊದೂರೊ, 30124 ಸಾನ್ ಮಾರ್ಕೊ, 30125 ಸಾನ್ ಪೋಲೊ, 30135 ಸಾಂತ ಕ್ರೋಚೆ, 30133 ಜುದೆಕ್ಕ, 30126 ಲೀದೊ. 3017ರಿಂದ ಶುರುವಾದರೆ ಮೆಸ್ತ್ರೆ ಅಥವಾ ಮಾರ್ಗೇರ, ಶೀರ್ಷಿಕೆಯಲ್ಲಿ ಎಷ್ಟೇ "ವೆನಿಸ್" ಇರಲಿ. ಊರಿನ ಹೆಸರು ಸಾಕಾಗೋದಿಲ್ಲ, ಎರಡೂ ಒಂದೇ ನಗರಸಭೆಗೆ ಸೇರಿದ್ದು.

ವಿಳಾಸ "ಕನ್ನರೇಜೊ 1234" ಅಂತ ಬಂದರೆ ಅದು ಇಡೀ ಭಾಗದ ಮನೆಸಂಖ್ಯೆ, ರಸ್ತೆಯದ್ದಲ್ಲ. 1234 ಪಕ್ಕದಲ್ಲೇ 1300 ಇರಬಹುದು. ಒಂದೇ ಹೆಸರಿನ ಗಲ್ಲಿ ಬೇರೆ ಬೇರೆ ಭಾಗಗಳಲ್ಲಿರುತ್ತೆ. ಮನೆಯವರಿಗೆ ಬರೆದು ನಾಲ್ಕೇ ಪ್ರಶ್ನೆ ಕೇಳಿ: ಹತ್ತಿರದ ವಪೊರೆತ್ತೊ ನಿಲುಗಡೆ ಯಾವುದು, ಅಲ್ಲಿಂದ ಎಷ್ಟು ಸೇತುವೆ, ಬೀದಿಬಾಗಿಲಿಂದ ರೂಮಿಗೆ ಒಟ್ಟು ಎಷ್ಟು ಮೆಟ್ಟಿಲು, ಲಿಫ್ಟ್ ಯಾವ ಮಹಡಿಯಿಂದ ಶುರು. ಕೊನೇದು ಮುಖ್ಯ, ಅರೆಮಹಡಿವರೆಗೆ ಮೆಟ್ಟಿಲು ಹತ್ತಿಸಿ ಅಲ್ಲಿಂದ ಲಿಫ್ಟ್ ಕೊಡುವ ಕಟ್ಟಡಗಳಿವೆ. "ತುಂಬಾ ಹತ್ತಿರ, ಚಿಂತೆ ಬೇಡ" ಅಂತ ಸಂಖ್ಯೆಯಿಲ್ಲದ ಉತ್ತರ ಬಂದರೆ ಮುಂದಿನ ಮನೆ ನೋಡಿ. ಸೇತುವೆ ದಾಟದೆ ಎಲ್ಲೆಲ್ಲಿ ಹೋಗಬಹುದು ಅಂತ ತೋರಿಸುವ ನಕ್ಷೆಯನ್ನು ನಗರಸಭೆಯೇ ಪ್ರಕಟಿಸುತ್ತೆ, ಉತ್ತರವನ್ನು ಅದರ ಜೊತೆ ಹೋಲಿಸಿ.

ಅಪಾರ್ಟ್‌ಮೆಂಟ್ ಆದರೆ ಸಿಐಎನ್ ಸಂಖ್ಯೆ (ಪ್ರವಾಸಿಗರಿಗೆ ಬಾಡಿಗೆ ಕೊಡುವ ಮನೆಯ ಸರ್ಕಾರಿ ನೋಂದಣಿ ಸಂಖ್ಯೆ) ಇರಲೇಬೇಕು, 2025ರ ಜನವರಿ 1ರಿಂದ ಇಟಲಿಯಾದ್ಯಂತ ಕಡ್ಡಾಯ. ಜಾಹೀರಾತಿನಲ್ಲೂ ಕಟ್ಟಡದ ಹೊರಗೂ ಹಾಕಬೇಕು. ಇಲ್ಲದ ಮನೆ ಕೊನೇ ಗಳಿಗೆಯಲ್ಲಿ ರದ್ದಾಗುವ ಮನೆ. ಷೆಂಗೆನ್ ವೀಸಾ ಅರ್ಜಿಗೆ ಪ್ರತಿ ರಾತ್ರಿಯ ತಂಗುವಿಕೆಯ ದಾಖಲೆ ಬೇಕಲ್ಲ, ಬುಕಿಂಗ್ ಪತ್ರದಲ್ಲಿ ನಾಲ್ವರ ಹೆಸರೂ ಪಾಸ್‌ಪೋರ್ಟಿನಲ್ಲಿರುವ ಹಾಗೇ ಹಾಕಿಸಿ. ಅಲ್ಲಿ ಹೋದ ಮೇಲೂ ಎಲ್ಲರ ಪಾಸ್‌ಪೋರ್ಟ್ ಕೇಳ್ತಾರೆ, ಅತಿಥಿಗಳ ವಿವರವನ್ನು ಪೊಲೀಸರಿಗೆ ಕಳಿಸೋದು ಅವರ ಕರ್ತವ್ಯ.

ಅಡುಗೆ: ಒಲೆ ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರಲ್ಲ, ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲ್ ಕುಕ್ಕರ್ ಒಯ್ಯಿರಿ. ರಿಯಾಲ್ತೊ ತರಕಾರಿ ಮಾರುಕಟ್ಟೆ ಬೆಳಗಿನ ಹೊತ್ತು, ಭಾನುವಾರ ಇಲ್ಲ. ಹೊರಗೆ ತಿನ್ನುವಾಗ ತರಕಾರಿ ರಿಸೊತ್ತೊ ಅಂದರೂ ಬೇಯಿಸಿದ ನೀರು ಮೀನಿನದೋ ಕೋಳಿಯದೋ ಆಗಿರಬಹುದು, "ಬ್ರೋದೊ ವೆಜೆತಾಲೆ?" (ತರಕಾರಿ ಬೇಯಿಸಿದ ನೀರಾ?) ಅಂತ ಕೇಳಿ. ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುತ್ತೆ, ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇಲ್ಲ.

ಮರೆಯುವ ಇನ್ನೊಂದು ವಿಷಯ ಬಿಸಿ. ವೆನಿಸ್‌ನಲ್ಲಿ ಕಟ್ಟಡ ಬಿಸಿಮಾಡುವ ಅವಧಿ ಅಕ್ಟೋಬರ್ 15ರಿಂದ ಏಪ್ರಿಲ್ 15, ದಿನಕ್ಕೆ ಗರಿಷ್ಠ 14 ಗಂಟೆ. ಅಂದ್ರೆ ನಡುರಾತ್ರಿ ರೇಡಿಯೇಟರ್ ತಣ್ಣಗಾಗೋದು ಕೆಟ್ಟಿದ್ದಕ್ಕಲ್ಲ. ಹೆಚ್ಚುವರಿ ರಜಾಯಿ ಎಷ್ಟಿದೆ ಅಂತ ಕೇಳಿಟ್ಟುಕೊಳ್ಳಿ.